ಪೆದ್ದು ಪರೀಕ್ಷೆಯಲ್ಲಿ ಗೆದ್ದವನು

ಟ್ರೆಂಟ್ ಕ್ರೀಕ್, ಅಲಬಾಮಾ
9 ಸೆಪ್ಟೆಂಬರ್ 2023

ಕಾರ್ನೆಲಣ್ಣ,

ನಿಮ್ಮ ಫೋನು ಬಡಕೊಂಡು ಬಡಕೊಂಡು ಸುಮ್ಮನಾಗುತ್ತೆ. ಕಾಲೇಜಿಗೆ ಮಾಡಿದರೆ ಆಫೀಸಿನ ಹುಡುಗಿ, ಕೋಚ್ ಮೈದಾನದಲ್ಲಿದ್ದಾರೆ ಅಂತಾಳೆ. ಯಾವಾಗ ಮಾಡಿದರೂ ಮೈದಾನದಲ್ಲೇ ಇರ್ತೀರಿ, ಊಟ ತಿಂಡಿ ಎಲ್ಲ ಅಲ್ಲೇ ಅಂತ ಕಾಣುತ್ತೆ. ಅದಕ್ಕೇ ಈ ಕಾಗದ. ಫುಟ್‌ಬಾಲ್ ತಂಡಕ್ಕೆ ನೀವು ಕ್ಯಾಪ್ಟನ್ ಆಗಿದ್ದಾಗ ಪ್ರತಿ ಪಂದ್ಯದ ಹಿಂದಿನ ದಿನ, ಚೆಂಡು ಹಿಡಿದು ಓಡಿ ಬರೋರನ್ನ ಕೆಡವೋ ಡಿಫೆನ್ಸಿನ ಒಬ್ಬೊಬ್ಬನಿಗೂ ಕೈಯಾರೆ ಚೀಟಿ ಬರೆದು ಅವನ ಬೂಟಿನೊಳಗೆ ಇಡ್ತಿದ್ದಿರಲ್ಲ. ಬರೆಯೋ ಅಭ್ಯಾಸ ಇದ್ದವರು ಬಂದ ಕಾಗದ ಓದಿಯೂ ಓದ್ತಾರೆ ಅಂತ ನಂಬಿಕೊಂಡಿದೀನಿ.

ಮೇ ತಿಂಗಳಲ್ಲಿ ನನ್ನ ಗಂಡ ಲಮಾಂಟ್ ಮಾಡಿದ್ದು ನಿಮಗೆ ಗೊತ್ತಿರಲೇಬೇಕು. ಅಂಗಡಿಯವರ ಕ್ಯಾಮೆರಾದ ವಿಡಿಯೋ ದೇಶವೆಲ್ಲ ಸುತ್ತಿತು. ಆದರೂ ನನ್ನ ಬಾಯಿಂದ ಒಂದು ಸಲ ಕೇಳಿ. ದಿನಸಿ ಅಂಗಡಿಯಲ್ಲಿ ಸಾಮಾನು ತಗೊಂಡು ಕಲ್ಲಂಗಡಿ ಹಣ್ಣನ್ನ ಅಲ್ಲೇ ಮರೆತು ಹೊರಗೆ ಬಂದ. ನಮ್ಮ ಚರ್ಚಿನ ಹಿರಿಯರು ಮೇಬ್ರಿ ತಾತ, ಎಪ್ಪತ್ತು ದಾಟಿದವರು, ಆ ಹಣ್ಣನ್ನ ಚೆಂಡಿನ ಹಾಗೆ ಎದೆಗೆ ಅವಚಿಕೊಂಡು "ಲಮಾಂಟ್, ಲಮಾಂಟ್" ಅಂತ ಕೂಗುತ್ತಾ ಕಾರುಗಳ ನಡುವೆ ಓಡಿ ಬಂದರು. ಇವನು ತಿರುಗಿದ. ಮಂಡಿ ಬಗ್ಗಿಸಿದ. ನೀವು ಕಲಿಸಿದ ಹಾಗೇ ತಲೆ ಪಕ್ಕಕ್ಕಿಟ್ಟು, ಅವರ ಪಕ್ಕೆಗೆ ಭುಜ ಕೊಟ್ಟು, ನೆಲದಿಂದ ಎತ್ತಿ ಡಾಂಬರಿನ ಮೇಲೆ ಒಗೆದ. ಅವರ ಸೊಂಟದ ಮೂಳೆ ಮುರೀತು. ಇವನು ಹಣ್ಣನ್ನ ಎತ್ತಿಕೊಂಡು, ಸುತ್ತ ಯಾರನ್ನೋ ಹುಡುಕಿದ. ಯಾರನ್ನ ಅಂತ ಆಮೇಲೆ ಕೇಳಿದೆ. ನಿಮ್ಮನ್ನಂತೆ.

ತಪ್ಪು ಒಪ್ಪಿಕೊಂಡಿದ್ದಾಯ್ತು. ಜೈಲೋ, ಮನಸ್ಸಿನ ಆಸ್ಪತ್ರೆಯೋ ಅನ್ನೋದನ್ನ ಜನವರಿಯಲ್ಲಿ ನ್ಯಾಯಾಧೀಶರು ತೀರ್ಮಾನ ಮಾಡ್ತಾರೆ. ಒಂಬತ್ತು ವರ್ಷ ಗುದ್ದಿಸಿಕೊಂಡು ತಲೆ ಹಾಳಾಗಿದೆ ಅಂತ ನಮ್ಮ ಡಾಕ್ಟರು. ಸರ್ಕಾರದ ಕಡೆ ಡಾಕ್ಟರು ಏನು ತಂದು ಮುಂದಿಟ್ಟರು ಗೊತ್ತಾ? ಲಮಾಂಟ್ ತಂಡಕ್ಕೆ ಸೇರಿದ ಮೊದಲ ಬೇಸಿಗೆಯ ತಲೆ ಪರೀಕ್ಷೆ. ಅವತ್ತಿನ ಅಂಕ, ಇವತ್ತಿನ ಅಂಕ, ಹೆಚ್ಚುಕಮ್ಮಿ ಒಂದೇ. "ಈ ಮನುಷ್ಯ ಇಪ್ಪತ್ತೆರಡನೇ ವಯಸ್ಸಿನಲ್ಲೂ ಹೀಗೇ ಇದ್ದ, ಆಟದಿಂದ ಏನೂ ಆಗಿಲ್ಲ, ತಿಳಿದೇ ಹೊಡೆದಿದ್ದಾನೆ" ಅಂತಾರೆ.

ಆ ಪರೀಕ್ಷೆಯಲ್ಲಿ ಅವನಿಗೆ ಅಷ್ಟು ಕಮ್ಮಿ ಬಂದದ್ದು ಯಾಕೆ ಅಂತ ನಿಮಗೆ ಗೊತ್ತು. ನನಗೂ ಗೊತ್ತು, ಆದರೆ ನಾನು ಹೆಂಡತಿ. ಗಂಡನ ಪರವಾಗಿ ಹೆಂಡತಿ ಆಡೋ ಮಾತನ್ನ ಅಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ನೀವು ಬಂದು ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು. ನಮ್ಮ ಮಗಳು ಕೀಯಾಳನ್ನ ಜ್ಞಾನಸ್ನಾನದ ದಿನ ಎತ್ತಿಕೊಂಡ ಜ್ಞಾನಪಿತ ನೀವೇ. ಅವಳ ಮುಖ ನೋಡಿಯಾದರೂ ಬನ್ನಿ.

ನಿಮ್ಮ ತಂಗಿ,
ಜೊನೆಟ್ ಟಿಸ್‌ಡೇಲ್


ಟೆನೆಸಿ
30 ಸೆಪ್ಟೆಂಬರ್ 2023

ತಂಗಿ ಜೊನೆಟ್,

ನಿನ್ನ ಕಾಗದ ಓದಿ ಕರುಳು ಕಿತ್ತು ಬಂತು. ಅವತ್ತೇ ನಾನೂ ಲೊರೇನಳೂ, ಗಂಡಹೆಂಡತಿ ಇಬ್ಬರೂ ಮಂಡಿಯೂರಿ ಪ್ರಾರ್ಥನೆ ಮಾಡಿದೆವು. ಇಲ್ಲಿ ಪಂದ್ಯಗಳ ಕಾಲ, ಉಸಿರಾಡೋಕೂ ಪುರುಸೊತ್ತಿಲ್ಲ. ಫೋನು ತೆಗೆಯದೆ ಇದ್ದದ್ದು ಅದಕ್ಕೇ, ಬೇರೆ ಏನೂ ತಿಳ್ಕೋಬೇಡ.

ಲಮಾಂಟ್‌ನಂಥ ಸೇಫ್ಟಿಯನ್ನ, ಎಲ್ಲರ ಹಿಂದೆ ನಿಂತು ಕಾಯೋ ಆಟಗಾರನನ್ನ, ನಾನು ಮತ್ತೆ ನೋಡಲಿಲ್ಲ. ಎಲ್ಲರನ್ನೂ ದಾಟಿ ಬಂದ ಓಟಗಾರನಿಗೆ ಕೊನೆಗೆ ಸಿಗೋನು ಅವನೇ. ಅವನು ಹಿಂದೆ ನಿಂತಿದ್ದಾನೆ ಅನ್ನೋ ಧೈರ್ಯದಲ್ಲಿ ನಾವೆಲ್ಲ ಮುಂದೆ ನುಗ್ಗುತ್ತಿದ್ದೆವು. ಆ ಹಿಮದ ದಿನ ನಿನಗೆ ನೆನಪಿದೆಯಾ? ಗೋಲು ಗೆರೆಗೆ ಒಂದು ಮೊಳ ಇರುವಾಗ ಗೂಳಿಯಂಥ ಆಳನ್ನ ಒಬ್ಬನೇ ಎತ್ತಿ ಹಿಂದಕ್ಕೆ ಹಾಕಿದ. ಪಂದ್ಯ ನಮ್ಮದಾಯ್ತು. ಎದ್ದು ಬಂದವನು ನನ್ನ ಕೈ ಹಿಡಿದು, "ಕ್ಯಾಪ್ಟನ್, ನಾವೀಗ ಯಾವ ಊರಲ್ಲಿದ್ದೀವಿ?" ಅಂತ ಕೇಳಿದ ನೋಡು! ಬಿದ್ದು ಬಿದ್ದು ನಕ್ಕೆವು. ಅಂಥ ಮಗು ಅದು.

ನೀನು ಯಾವ ಪರೀಕ್ಷೆ ಅಂತಿದ್ದೀಯೋ ನನಗೆ ಸರಿಯಾಗಿ ಹೊಳೀತಿಲ್ಲ. ರಕ್ತದ ಪರೀಕ್ಷೆ, ಕಣ್ಣಿನ ಪರೀಕ್ಷೆ, ಬೇಸಿಗೆಯಲ್ಲಿ ನೂರೆಂಟು ಇರ್ತಿದ್ದವು. ಹಳೇ ಆಟಗಾರರ ಸಂಘದವರ ಹತ್ತಿರ ಮಾತಾಡ್ತೀನಿ. ನಾವೆಲ್ಲ ಸಹಿ ಹಾಕಿದ ಹೆಲ್ಮೆಟ್ ಒಂದನ್ನ ಕಳಿಸಿಕೊಡ್ತೀನಿ, ಹರಾಜಿಗಿಟ್ಟರೆ ವಕೀಲರ ಖರ್ಚಿಗಾದೀತು. ಧೈರ್ಯ ತಗೋ.

ನಿನ್ನ ಅಣ್ಣ,
ಕಾರ್ನೆಲ್ ಗ್ರಿಗ್ಸ್


ಟ್ರೆಂಟ್ ಕ್ರೀಕ್
14 ಅಕ್ಟೋಬರ್ 2023

ಕಾರ್ನೆಲಣ್ಣ,

ಹೆಲ್ಮೆಟ್ ಬಂತು. ಕಾರಿನ ಗ್ಯಾರೇಜಿನಲ್ಲಿ ಇಟ್ಟಿದೀನಿ. ಲಮಾಂಟ್ ಕಣ್ಣಿಗೆ ಬಿದ್ದರೆ ತಲೆಗೆ ಹಾಕ್ಕೊಂಡು ಊಟಕ್ಕೆ ಬಂದು ಕೂರ್ತಾನೆ.

ಯಾವ ಪರೀಕ್ಷೆ ಅಂತ ಕೇಳಿದಿರಲ್ಲ, ನಾನೇ ನೆನಪು ಮಾಡಿಕೊಡ್ತೀನಿ. ಶಿಬಿರದ ಮೊದಲ ದಿನ ಕಂಪ್ಯೂಟರ್ ಮುಂದೆ ಕೂರಿಸ್ತಾರೆ. ಪರದೆ ಮೇಲೆ ಒಂದಷ್ಟು ಪದ ತೋರಿಸಿ, ಆಮೇಲೆ ಯಾವ್ಯಾವುದು ಇತ್ತು ಹೇಳು ಅಂತಾರೆ. ಬಣ್ಣ, ಆಕಾರ, ಅಂಕಿ. ಮುಂದೆ ಯಾವತ್ತಾದರೂ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಮೊದಲಿಗಿಂತ ಅಂಕ ಬಿದ್ದರೆ ಹೊರಗೆ ಕೂರು. ಹೊರಗೆ ಕೂತವನ ಜಾಗಕ್ಕೆ ಇನ್ನೊಬ್ಬ ಬರ್ತಾನೆ, ಬಂದವನು ಎದ್ದು ಹೋಗಲ್ಲ. ಅದಕ್ಕೇ ನೀವು ಡಿಫೆನ್ಸಿನವರು ಮೊದಲ ದಿನವೇ ಬೇಕಂತ ತಪ್ಪು ತಪ್ಪು ಒತ್ತಿ ಬರ್ತಿದ್ದಿರಿ. ಮೊದಲೇ ಪಾತಾಳದಲ್ಲಿದ್ದರೆ ಇನ್ನೆಲ್ಲಿಗೆ ಬೀಳೋದು? ಪೆದ್ದು ಪರೀಕ್ಷೆ ಅಂತ ಹೆಸರಿಟ್ಟವರೂ ನೀವೇ.

ಅದಕ್ಕೊಂದು ಹಬ್ಬ ಬೇರೆ. ಎಲ್ಲರಿಗಿಂತ ಕಮ್ಮಿ ಅಂಕ ತಂದವನಿಗೆ ಆ ಸಂಜೆ ಕ್ಯಾಪ್ಟನ್ ಖರ್ಚಿನಲ್ಲಿ ಸುಟ್ಟ ಹಂದಿ ಪಕ್ಕೆಲುಬಿನ ಊಟ. ತಲೆಗೆ ಕಾಗದದ ಕಿರೀಟ. ಲಮಾಂಟ್ ಬಂದ ವರ್ಷ ಕಿರೀಟ ಅವನದು. ನಾನು ನಿಮ್ಮ ಎದುರಿನ ಕುರ್ಚಿಯಲ್ಲೇ ಕೂತಿದ್ದೆ ಕಣ್ರೀ! "ಹಳ್ಳಿ ಶಾಲೆ ಮೇಷ್ಟ್ರ ಮಗ ನಮ್ಮನ್ನೆಲ್ಲ ಪೆದ್ದುತನದಲ್ಲಿ ಸೋಲಿಸಿಬಿಟ್ಟ" ಅಂತ ಲೋಟ ಎತ್ತಿದವರು ನೀವು. ಅವನ ಮುಖ ಎಷ್ಟು ಅರಳಿತ್ತು ಅಂದರೆ, ನಮ್ಮ ಮದುವೆ ದಿನವೂ ಅಷ್ಟು ಅರಳಿರಲಿಲ್ಲ.

ಇನ್ನು ನಿಮ್ಮ ಹಿಮದ ದಿನ. ನೀವು ನಕ್ಕಿರಿ. ಅದೇ ಸಂಜೆ ಡಾಕ್ಟರು ಅವನನ್ನ ಪರೀಕ್ಷೆಗೆ ಕೂರಿಸಿದರು. ತಾನಿರೋ ಊರು ಯಾವುದು ಅಂತ ಗೊತ್ತಿಲ್ಲದವನಿಗೂ ಮೊದಲಿನಷ್ಟೇ ಅಂಕ ಬಂತು. ಮುಂದಿನ ಭಾನುವಾರ ಮತ್ತೆ ಮೈದಾನಕ್ಕೆ. ಆಮೇಲೆ ವರ್ಷಗಟ್ಟಲೆ ಹಾಗೇ ನಡೀತು.

ಈಗ ಎಲ್ಲಿದ್ದಾನೆ ಅಂತ ತೋರಿಸೋ ಪೊಲೀಸರ ಪಟ್ಟಿ ಕಾಲಿಗೆ ಕಟ್ಟಿಸಿಕೊಂಡು ಮನೆಯಲ್ಲಿದ್ದಾನೆ. ಊಟದ ಕುರ್ಚಿಗಳನ್ನ ಸಾಲಾಗಿ ಜೋಡಿಸಿ ಒಂದೊಂದಕ್ಕೂ ಒಬ್ಬೊಬ್ಬರ ಹೆಸರು ಹಿಡಿದು ಕೂಗ್ತಾನೆ. ನಡುವಿನ ಕುರ್ಚಿ ನಿಮ್ಮದು. ಅದರ ಮೇಲೆ ಯಾರೂ ಕೂರೋ ಹಾಗಿಲ್ಲ. ಶಾಲೆಯಲ್ಲಿ ಕೀಯಾಳಿಗೆ ಆ ವಿಡಿಯೋ ತೋರಿಸಿ "ನಿಮ್ಮಪ್ಪ ಇನ್ನೂ ಫಾರ್ಮಿನಲ್ಲಿದ್ದಾನೆ" ಅಂತ ಆಡಿಕೊಳ್ತಾರೆ. ಅವನನ್ನ ಜೈಲಿಗೆ ಹಾಕಿದರೆ ಅಲ್ಲಿ ಯಾರಾದರೂ ಹಿಂದಿನಿಂದ ಓಡಿ ಬಂದಾಗ ಏನಾಗುತ್ತೆ ಅಂತ ಒಂದು ಕ್ಷಣ ಯೋಚನೆ ಮಾಡಿ. ಒಂದೋ ಅವನು ಯಾರನ್ನಾದರೂ ಕೊಲ್ತಾನೆ, ಇಲ್ಲ ಅವನನ್ನ ಯಾರಾದರೂ ಕೊಲ್ತಾರೆ.

ಈಗ ಹೊಳೀತಾ ಯಾವ ಪರೀಕ್ಷೆ ಅಂತ?

ಜೊನೆಟ್


ಟೆನೆಸಿ
12 ನವೆಂಬರ್ 2023

ತಂಗಿ ಜೊನೆಟ್,

ನೀನು ಸಿಟ್ಟಿನಲ್ಲಿ ಬರೆದಿದ್ದೀಯ. ಸಿಟ್ಟಿನಲ್ಲಿ ಬರೆದದ್ದಕ್ಕೆ ಉತ್ತರ ಕೊಡಬಾರದು ಅಂತ ತಡ ಮಾಡಿದೆ.

ಆಟಗಾರರ ಕೋಣೆಯಲ್ಲಿ ನಡೆದದ್ದು ಆ ಕೋಣೆಯಲ್ಲೇ ಇರಬೇಕು. ಇದು ನಾನು ಮಾಡಿದ ಕಟ್ಟಳೆ ಅಲ್ಲ, ನನಗಿಂತ ಹಿರಿಯರಿಂದ ಬಂದದ್ದು. ಅವತ್ತು ಹೀಗೆ ಆಯ್ತು ಅಂತಲೂ ನಾನು ಹೇಳಲ್ಲ, ಆಗಲಿಲ್ಲ ಅಂತಲೂ ಹೇಳಲ್ಲ. ಲಮಾಂಟ್ ಎಳೇ ಮಗು ಆಗಿರಲಿಲ್ಲ, ಅಷ್ಟು ಹೇಳ್ತೀನಿ. ಯಾರೂ ಯಾರ ಬೆರಳು ಹಿಡಿದು ಒತ್ತಿಸಲಿಲ್ಲ.

ನನ್ನ ಪರಿಸ್ಥಿತಿಯನ್ನೂ ಸ್ವಲ್ಪ ನೋಡು. ಇಲ್ಲಿ ನೂರು ಹುಡುಗರು ನನ್ನ ಕೈಯಲ್ಲಿದ್ದಾರೆ. ಅವರೂ ಇಂಥದೇ ಪರೀಕ್ಷೆಗೆ ಕೂರ್ತಾರೆ, ಅವರ ಅಮ್ಮಂದಿರು ನನ್ನ ಮುಖ ನೋಡಿ ಕಳಿಸಿಕೊಡ್ತಾರೆ. ನಾನು ಕೋರ್ಟಿನಲ್ಲಿ ನಿಂತು ಏನಾದರೂ ಒದರಿದರೆ ಮಾರನೇ ದಿನ ನನ್ನ ಪೆಟ್ಟಿಗೆ ಬೀದಿಯಲ್ಲಿರುತ್ತೆ. ನನಗೂ ಹೆಂಡತಿ ಮಕ್ಕಳಿದ್ದಾರೆ. ಒಂದು ಮನೆಗೆ ಬೆಂಕಿ ಬಿದ್ದಿದೆ ಅಂತ ಪಕ್ಕದ ಮನೆಗೂ ಹಚ್ಚಬೇಕಾ ಹೇಳು?

ಲಮಾಂಟ್ ಅಂದರೆ ನನಗೆ ಎಷ್ಟು ಪ್ರೀತಿ ಅಂತ ನಿನಗೆ ಗೊತ್ತು. ನಿನಗೊಂದು ವಿಷಯ ಹೇಳಿದೀನೋ ಇಲ್ಲವೋ, ಒಂದು ಹಿಮದ ದಿನ ಗೋಲು ಗೆರೆಗೆ ಒಂದು ಮೊಳ ಇರುವಾಗ ಗೂಳಿಯಂಥ ಆಳನ್ನ ಒಬ್ಬನೇ ಎತ್ತಿ ಹಿಂದಕ್ಕೆ ಹಾಕಿದ. ಎದ್ದು ಬಂದು ನನ್ನ ಕೈ ಹಿಡಿದು, "ಕ್ಯಾಪ್ಟನ್, ನಾವೀಗ ಯಾವ ಊರಲ್ಲಿದ್ದೀವಿ?" ಅಂತ ಕೇಳಿದ. ಎಷ್ಟು ನಕ್ಕೆವು ಅಂತೀಯ! ಅಂಥ ಹುಡುಗನ ಕೈ ದೇವರು ಬಿಡಲ್ಲ.

ಕಾರ್ನೆಲ್


ಟ್ರೆಂಟ್ ಕ್ರೀಕ್
3 ಡಿಸೆಂಬರ್ 2023

ಕಾರ್ನೆಲ್,

ಇನ್ನು ಅಣ್ಣ ಅನ್ನಲ್ಲ. ನೀವು ಅನ್ನೋದೂ ಸಾಕು.

ಮೊದಲು ಒಂದು ಮಾತು, ಇದನ್ನ ಚುಚ್ಚೋಕೆ ಹೇಳ್ತಿಲ್ಲ. ಆ ಹಿಮದ ಕಥೆಯನ್ನ ನೀನು ಸೆಪ್ಟೆಂಬರಿನ ಕಾಗದದಲ್ಲೂ ಬರೆದಿದ್ದೆ. ಅದೇ ಗೂಳಿ, ಅದೇ ಮೊಳ. ಅದಕ್ಕೆ ನಾನು ಉತ್ತರವನ್ನೂ ಬರೆದಿದ್ದೆ. ಲಮಾಂಟ್‌ಗೂ ಶುರುವಾದದ್ದು ಹೀಗೇ, ಹೇಳಿದ್ದನ್ನೇ ಹೇಳೋದು. ನಿನ್ನ ಆ ಎರಡು ಕಾಗದದ ನಕಲು ಇದರ ಜೊತೆ ಇಟ್ಟಿದೀನಿ, ಲೊರೇನಳಿಗೆ ತೋರಿಸು. ನೀನೂ ಯಾರಾದರೂ ಡಾಕ್ಟರ ಮುಂದೆ ಹೋಗಿ ಕೂರು. ಆದರೆ ಅವರು ನಿನ್ನ ಹಳೇ ಅಂಕ ತೆಗೆದು ನೋಡಿ, "ನೀವು ಮೊದಲಿಂದಲೂ ಹೀಗೇ ಇದ್ದಿರಿ" ಅಂದರೆ ಏನು ಮಾಡ್ತೀಯೋ ನನಗೆ ಗೊತ್ತಿಲ್ಲ.

ಇನ್ನು ನಿನ್ನ ನೂರು ಹುಡುಗರು. ಅವರಿಗೂ ಪಕ್ಕೆಲುಬಿನ ಊಟ ಹಾಕಿಸ್ತಿದ್ದೀಯಾ? ಇಲ್ಲ ಅಂತ ಆಣೆ ಮಾಡಿ ಬರಿ ನೋಡೋಣ. ಬರೆಯಲ್ಲ ನೀನು. ಅಮ್ಮಂದಿರು ಮುಖ ನೋಡಿ ಕಳಿಸ್ತಾರಂತೆ! ಆ ಮುಖ ನೋಡಿ ನಾನೂ ಕಳಿಸಿದ್ದೆ ಕಣಯ್ಯಾ.

ಹೋದ ವಾರ ಮೇಬ್ರಿ ತಾತ ಮನೆಗೆ ಬಂದಿದ್ದರು. ನಡೆಯೋ ಚೌಕಟ್ಟು ಊರಿಕೊಂಡು ಮೆಟ್ಟಿಲು ಹತ್ತೋಕೆ ಅಷ್ಟು ಹೊತ್ತು ತಗೊಂಡರು, ನಾನು ಕೈ ಕೊಡೋಕೆ ಹೋದರೆ ಬೇಡ ಅಂದರು. ಹೆಂಡತಿ ಕೈಲಿ ಗೆಣಸಿನ ಸಿಹಿ ಮಾಡಿಸಿ ತಂದಿದ್ದರು. ಲಮಾಂಟ್ ಅವರ ಕಾಲು ನೋಡಿ, "ತಾತ, ಯಾರು ನಿಮಗೆ ಹೀಗೆ ಮಾಡಿದ್ದು? ಹೆಸರು ಹೇಳಿ, ನಾನು ವಿಚಾರಿಸ್ಕೊಳ್ತೀನಿ" ಅಂದ. ತಾತ ಗೆಣಸಿನ ಸಿಹಿಯನ್ನ ಅವನ ಕೈಗೆ ಕೊಟ್ಟರು. ಆಮೇಲೆ, "ಯಾರೋ ಮಗಾ, ನೋಡಿಕೊಳ್ಳದೆ ಬಂದು ಗುದ್ದಿದ" ಅಂದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅವರೂ ಕೋರ್ಟಿಗೆ ಬಂದು ಲಮಾಂಟ್ ಪರವಾಗಿ ಮಾತಾಡ್ತಾರಂತೆ. ಸೊಂಟ ಮುರಿಸಿಕೊಂಡವರು ಬರ್ತಾರೆ. ಆದರೆ ಅವರ ಕರುಣೆ ಒಂದೇ ಸಾಲದು, ಆ ಹಳೇ ಅಂಕ ಸುಳ್ಳು ಅಂತ ಆ ದಿನ ಅಲ್ಲಿದ್ದವರೇ ಹೇಳಬೇಕು ಅಂತಾರೆ ನಮ್ಮ ವಕೀಲರು. ಉಳಿದವರನ್ನೆಲ್ಲ ಕೇಳಿದ್ದಾಯ್ತು. "ಕ್ಯಾಪ್ಟನ್ ಹೇಳಿದರೆ ನಾವೂ ಹೇಳ್ತೀವಿ" ಅಂತಾರೆ ಎಲ್ಲರೂ. ಹಾಗಾಗಿ ನೀನೊಬ್ಬನೇ.

ಜನವರಿ ಹದಿನೆಂಟು, ಬೆಳಿಗ್ಗೆ, ಕೌಂಟಿ ಕೋರ್ಟು. ಬಂದರೆ ಬಾ. ಬರದಿದ್ದರೆ ಕೀಯಾಳ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸೋದನ್ನೂ ನಿಲ್ಲಿಸು.

ಜೊನೆಟ್


ಟೆನೆಸಿ
21 ಡಿಸೆಂಬರ್ 2023

ಜೊನೆಟ್,

ಎರಡು ಕಾಗದವನ್ನೂ ಲೊರೇನಳಿಗೆ ತೋರಿಸಿದೆ. ಅವಳು ಓದಿ, ಎದ್ದು ಹೋಗಿ ಮಲಗಿದಳು. ನಾನು ಹೇಳಿದ್ದನ್ನೇ ಹೇಳೋದು ಇದು ಮೊದಲನೇ ಸಲ ಅಲ್ಲ ಅಂತ ಬೆಳಿಗ್ಗೆ ಹೇಳಿದಳು.

ಹದಿನೆಂಟಕ್ಕೆ ಬರ್ತೀನಿ. ಇದ್ದದ್ದು ಹೇಳ್ತೀನಿ. ಲಮಾಂಟ್‌ಗೆ ಮೊದಲೇ ಹೇಳಬೇಡ, ಸುಮ್ಮನೆ ಉದ್ವೇಗ ಮಾಡಿಕೊಳ್ತಾನೆ.

ಕಾರ್ನೆಲ್


ಟ್ರೆಂಟ್ ಕ್ರೀಕ್
27 ಜನವರಿ 2024

ಕಾರ್ನೆಲ್,

ಕೋರ್ಟಿನಲ್ಲಿ ನೀನೂ ಇದ್ದೆ. ಆದರೆ ಹೊತ್ತೆಲ್ಲ ನೆಲ ನೋಡ್ತಾ ಕೂತಿದ್ದೆ. ಅದಕ್ಕೇ ನಿನ್ನ ಕಣ್ಣಿಗೆ ಬೀಳದ್ದನ್ನ ಬರೀತಿದೀನಿ.

ನೀನು ಹಿಂದಿನ ಬಾಗಿಲಿಂದ ಒಳಗೆ ಬಂದಾಗ ಲಮಾಂಟ್ ನಿನ್ನನ್ನ ನೋಡಿದ. ಆವರೆಗೂ ಕೋಟಿನ ಗುಂಡಿ ತಿರುಗಿಸಿಕೊಂಡು ಕೂತಿದ್ದವನು ನೆಟ್ಟಗಾದ. ಬೆನ್ನು ನೇರ, ಗದ್ದ ಮೇಲೆ. ಹತ್ತು ವರ್ಷ ಚಿಕ್ಕವನಾದ ಹಾಗೆ ಕಂಡ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಕಾರ್ನೆಲ್ ಬಂದ, ನನ್ನ ಗಂಡ ಉಳಿದ ಅಂದುಕೊಂಡೆ. ಮನಸ್ಸಿನಲ್ಲೇ ನಿನ್ನನ್ನ ಮತ್ತೆ ಅಣ್ಣ ಅಂದೆ. ಅದಕ್ಕೆ ಈಗ ನಾಚಿಕೆ ಆಗುತ್ತೆ.

ನ್ಯಾಯಾಧೀಶರು ನೇರ ಅವನನ್ನೇ ಕೇಳ್ತಾರೆ ಅಂತ ಯಾರಿಗೆ ಗೊತ್ತಿತ್ತು? "ಮಿಸ್ಟರ್ ಟಿಸ್‌ಡೇಲ್, ಆ ಪರೀಕ್ಷೆಯಲ್ಲಿ ನೀವು ಬೇಕಂತ ತಪ್ಪು ಉತ್ತರ ಕೊಟ್ಟಿರಿ ಅಂತ ನಿಮ್ಮ ವಕೀಲರು ಹೇಳ್ತಾರೆ. ನಿಜವೇ?" ಅಂದರು. ಅವನು ಎದ್ದು ನಿಂತು, "ಇಲ್ಲ ಸರ್. ನನ್ನ ಕೈಲಾದಷ್ಟು ಚೆನ್ನಾಗಿಯೇ ಬರೆದೆ" ಅಂದ. ಮಾತು ಎಷ್ಟು ಸ್ಪಷ್ಟ! ಮೂರು ವರ್ಷದಿಂದ ಅವನ ಬಾಯಿಂದ ಅಂಥ ಮಾತು ನಾನು ಕೇಳಿಲ್ಲ. ನಮ್ಮ ವಕೀಲರು ಎರಡು ಮೂರು ಥರ ತಿರುಗಿಸಿ ಕೇಳಿದರು. ಮತ್ತೆ ಅದೇ ಮಾತು, ಒಂದು ಅಕ್ಷರ ಆಚೀಚೆ ಇಲ್ಲ. ಪಾಪ, ಆ ಕಿರೀಟದ ಸಂಜೆಯೂ ಅವನ ತಲೆಯಿಂದ ಅಳಿಸಿ ಹೋಗಿದೆ ಅಂದುಕೊಂಡೆ.

ಅವನು ಕಾಯಿಲೆಯವನು, ಏನೋ ಅಂದ. ಆಮೇಲೆ ನಿನ್ನ ಸರದಿ. ನೀನು ಬೈಬಲ್ ಮೇಲೆ ಕೈ ಇಟ್ಟೆ. ಕೀಯಾ ನನ್ನ ಕೈಗೆ ಉಗುರು ಒತ್ತಿದ ಗುರುತು ಇನ್ನೂ ಇದೆ. "ಲಮಾಂಟ್ ಸುಳ್ಳು ಹೇಳೋ ಮನುಷ್ಯ ಅಲ್ಲ ಸ್ವಾಮಿ. ಅವನೇ ಹೇಳಿದ ಮೇಲೆ ನನ್ನದೇನಿದೆ?" ಅಂದೆ ನೀನು. ಅಷ್ಟೇ. ಇಷ್ಟು ದೂರ ಕಾರು ಓಡಿಸಿಕೊಂಡು ಬಂದದ್ದು ಅಷ್ಟಕ್ಕೆ. ದಾರಿಯುದ್ದಕ್ಕೂ ಹೇಳಬೇಕು ಅಂತಲೇ ಇದ್ದೆಯೋ ಏನೋ. ಅವನು ಅಂದದ್ದನ್ನ ಕೇಳಿದ ತಕ್ಷಣ ನಿನಗೊಂದು ಬಾಗಿಲು ಸಿಕ್ಕಿತು, ನುಸುಳಿಕೊಂಡೆ.

ಎಂಟು ವರ್ಷ ಜೈಲು. ಮೇಬ್ರಿ ತಾತ ಗೋಡೆ ಹಿಡಿದುಕೊಂಡು ನಿಂತು, ಇದು ಅನ್ಯಾಯ ಅಂತ ಕೂಗಿದರು. ಅವರನ್ನ ಕೂರಿಸಿದರು. ನೀನು ಆಗಲೇ ಹೊರಗಿದ್ದೆ.

ನಿನ್ನ ಮೇಲೆ ಕೇಸು ಹಾಕೋದು, ಪೇಪರಿನವರ ಹತ್ತಿರ ಹೋಗೋದು, ಇದೆಲ್ಲ ಮಾಡು ಅಂತ ಜನ ಹೇಳ್ತಿದ್ದಾರೆ. ನನಗೆ ಶಕ್ತಿ ಇಲ್ಲ. ನಿನಗೆ ಒಳ್ಳೇದಾಗಲಿ ಅನ್ನೋಕೂ ಮನಸ್ಸಿಲ್ಲ, ಕೆಟ್ಟದಾಗಲಿ ಅನ್ನೋಕೂ ಬಾಯಿ ಬರ್ತಿಲ್ಲ, ಯಾಕಂದರೆ ಲೊರೇನ ಇದ್ದಾಳೆ. ಅವಳಿಗೆ ನನ್ನ ನಂಬರು ಕೊಟ್ಟಿರು. ಯಾವತ್ತೋ ಒಂದು ದಿನ ಅವಳಿಗೆ ಮಾತಾಡೋಕೆ ಯಾರಾದರೂ ಬೇಕಾಗುತ್ತೆ.

ಜೈಲಿನಿಂದ ಲಮಾಂಟ್ ನನಗೆ ಬರೆದ ಕಾಗದದೊಳಗೆ ನಿನಗೊಂದು ಲಕೋಟೆ ಇಟ್ಟಿದ್ದಾನೆ. ನಿನ್ನ ವಿಳಾಸ ಅವನಿಗೆ ನೆನಪಿಲ್ಲ. ಹರಿದು ಒಲೆಗೆ ಹಾಕೋಣ ಅನ್ನಿಸಿತು. ಒಡೆದು ಓದೋಕೂ ಮನಸ್ಸಾಗಲಿಲ್ಲ. ಕಳಿಸ್ತಿದೀನಿ. ಇದಕ್ಕೆ ಉತ್ತರ ಬರೆಯಬೇಡ.

ಜೊನೆಟ್


ಭಾನುವಾರ

ಕ್ಯಾಪ್ಟನ್,

ಚೆನ್ನಾಗಿದ್ದೀರಾ? ಇಲ್ಲಿ ಊಟ ಶಿಬಿರದ ಊಟದ ಹಾಗೇ ಇದೆ, ಉಪ್ಪು ಕಮ್ಮಿ. ಬೆಳಿಗ್ಗೆ ಬೇಗ ಎಬ್ಬಿಸ್ತಾರೆ. ನನಗೆ ಅಭ್ಯಾಸ ಇದೆಯಲ್ಲ, ಕಷ್ಟ ಆಗ್ತಿಲ್ಲ. ಹಿಂದೆ ಹೆಜ್ಜೆ ಸದ್ದಾದರೆ ಮಾತ್ರ ಮೈ ಬಿಗಿಯಾಗುತ್ತೆ, ಅದಕ್ಕೇ ಗೋಡೆಗೆ ಬೆನ್ನು ಕೊಟ್ಟು ಕೂರ್ತೀನಿ.

ಅವತ್ತು ನೀವು ಬಂದದ್ದು ನೋಡಿದೆ. ದಪ್ಪ ಆಗಿದ್ದೀರಿ. ಎದ್ದು ಬಂದು ಮಾತಾಡಿಸಬೇಕು ಅಂತ ಇತ್ತು, ಬಿಡಲಿಲ್ಲ.

ಪೆದ್ದು ಪರೀಕ್ಷೆ ಬಗ್ಗೆ ಕೇಳಿದರು ಕ್ಯಾಪ್ಟನ್. ನನಗೆ ಈಚೆಗೆ ಎಷ್ಟೋ ಮರೆತು ಹೋಗುತ್ತೆ. ಕೀಯಾ ಯಾವ ತರಗತಿ ಅಂತ ಮರೆತುಬಿಟ್ಟೆ, ಅವಳು ಅತ್ತಳು. ಇದು ಮರೆತಿಲ್ಲ. ಕಿರೀಟ ಹಾಕಿದ ದಿನ ಊಟ ಆದಮೇಲೆ ನನ್ನೊಬ್ಬನನ್ನೇ ನಿಮ್ಮ ಕಾರಿನ ಹತ್ತಿರ ಕರಕೊಂಡು ಹೋದಿರಿ. ಹೆಗಲ ಮೇಲೆ ಕೈ ಹಾಕಿದಿರಿ. "ಯಾರೇ ಕೇಳಲಿ, ಯಾವತ್ತೇ ಕೇಳಲಿ, ಕೈಲಾದಷ್ಟು ಚೆನ್ನಾಗಿಯೇ ಬರೆದೆ ಅನ್ನು. ನೀನು ಬಾಯಿ ಬಿಟ್ಟರೆ ನಾವೆಲ್ಲ ಮುಳುಗ್ತೀವಿ. ನಮ್ಮ ಹಿಂದೆ ಇರೋನು ನೀನೊಬ್ಬನೇ" ಅಂದಿರಿ. ನಾನು ಮಾತು ಕೊಟ್ಟೆ.

ವಕೀಲರು ಕೆದಕಿ ಕೆದಕಿ ಕೇಳಿದರು. ನ್ಯಾಯಾಧೀಶರೂ ಕೇಳಿದರು. ನೀವು ತಲೆ ತಗ್ಗಿಸಿ ಕೂತಿದ್ರಿ, ಎಲ್ಲಿ ಹೇಳಿಬಿಡ್ತಾನೋ ಅಂತ ಹೆದರಿದ್ದೀರಿ ಅಂತ ನನಗೆ ಗೊತ್ತಾಯ್ತು. ಇನ್ನು ಹೆದರಬೇಡಿ. ನಾನು ಯಾರ ಹೆಸರೂ ಹೇಳಲಿಲ್ಲ.

ಜೊನೆಟ್ ಯಾಕೋ ತುಂಬಾ ಅಳ್ತಿದ್ದಳು. ಅವಳಿಗೆ ಇದೆಲ್ಲ ಅರ್ಥ ಆಗಲ್ಲ. ನೀವು ದೊಡ್ಡವರು, ನಿಮ್ಮ ಮಾತು ಅಂದರೆ ಅವಳಿಗೆ ಗೌರವ. ಒಂದು ಸಲ ಮನೆ ಕಡೆ ಹೋಗಿ, ಲಮಾಂಟ್ ಸರಿಯಾಗೇ ಮಾಡಿದ ಅಂತ ಅವಳಿಗೆ ಹೇಳಿ.

ನಿಮ್ಮವನೇ,
ಲಮಾಂಟ್